ಬೀಗತಿಯೊಂದಿಗೆ ಕೂಸಿನ ತಲೆಯವರೆಗೆ

ಖಾನಾಪುರದಿಂದ

ಈ ಪ್ರವಾಸವನ್ನು ನಾನು ಬೆಳಗಾವಿಯ ನಾಲ್ಕೈದು ಮನೆಗಳಲ್ಲಿ ಕೂತು ಹೇಳಿದ್ದೇನೆ. ಹೇಳಿದ ಪ್ರತಿ ಸಲವೂ ಅದು ಹಿಂದಿನದಕ್ಕಿಂತ ಚಂದವಾಗಿದೆ. ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ನಡೆದ ಸಂಗತಿ ಇಷ್ಟು ಒಪ್ಪವಾಗಿ ಇರುವುದಿಲ್ಲ. ಆದ್ದರಿಂದ ಇಲ್ಲಿ ನೆನಪಿಗೆ ತೇಪೆ ಹಾಕಿದ ಜಾಗ ಬಂದಾಗ ತೇಪೆ ಎಂದೇ ಹೇಳಿಬಿಡುತ್ತೇನೆ. ಓದುವವರು ಬೇಕಾದರೆ ಬಿಚ್ಚಿ ನೋಡಲಿ.

ತೇಪೆಯಿಲ್ಲದ ಸಂಗತಿ ಇಷ್ಟು. ನನ್ನ ಅಕ್ಕನ ಮಗಳು ಸುನೀತಾ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳ ಗಂಡ ಮಾರುತಿ ಅದೇ ಆಸ್ಪತ್ರೆಯಲ್ಲಿ ಎಕ್ಸರೇ ತೆಗೆಯುತ್ತಾನೆ. ಅವರ ಮಗ ಓಂಕಾರ ಹುಟ್ಟಿದ್ದು ಅಲ್ಲೇ. ಅವನಿಗೆ ಆರು ತಿಂಗಳು ತುಂಬಿದಾಗ ಮಾರುತಿಯ ತಾಯಿ, ಖಾನಾಪುರದ ಗಂಗಾಬಾಯಿ, ಮೊಮ್ಮಗನನ್ನು ನೋಡಿಬರುತ್ತೇನೆಂದು ಹೊರಟರು. ಗಂಡ ಊರು ಬಿಟ್ಟು ಬರುವವರಲ್ಲ, ಒಬ್ಬಳೇ ಹೋಗಲಾರೆ ಅಂದರು. ನನ್ನ ಅಕ್ಕ ಈಗ ಇಲ್ಲ. ಬೆಳಗಾವಿಯ ಮಹಾಂತೇಶ ನಗರದ ನಮ್ಮ ಮನೆಯ ಕಪಾಟಿನಲ್ಲಿ, ಎಂದೋ ಹುರುಪಿನಲ್ಲಿ ಮಾಡಿಸಿದ ನನ್ನ ಪಾಸ್‌ಪೋರ್ಟು ಒಂದೂ ಮುದ್ರೆ ಕಾಣದೆ ಮಲಗಿತ್ತು. ಹೀಗಾಗಿ ಬೀಗತಿಗೆ ನಾನು ಬೆಂಗಾವಲು.

ಗಂಗಾಬಾಯಿ ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳಿಗೆ ಉಣ್ಣಿಸಿ, ಮೂಗು ಒರೆಸಿ, ಅಳುವವರನ್ನು ಬಗಲಿಗೆ ಏರಿಸಿಕೊಳ್ಳುವ ಕೆಲಸ. ಕನ್ನಡದ ಮಕ್ಕಳನ್ನು ಕನ್ನಡದಲ್ಲಿ, ಮರಾಠಿಯ ಮಕ್ಕಳನ್ನು ಮರಾಠಿಯಲ್ಲಿ ಬೈಯುತ್ತಾರೆ. ಅವರ ಹೆಮ್ಮೆ ಒಂದೇ, ಅದನ್ನು ಮುಂಬೈ ಬಸ್ಸು ಹತ್ತುವ ಮೊದಲೇ ನನಗೆ ಹೇಳಿಬಿಟ್ಟರು.

“ನನ್ನ ಬಗಲಾಗ ಅಳೂವಂಥ ಕೂಸು ಇನ್ನೂ ಹುಟ್ಟಿಲ್ರಿ ಬೀಗರ. ಖಾನಾಪುರದಾಗ ಯಾರನ್ನರ ಕೇಳ್ರಿ.”

ಯಾರನ್ನೂ ಕೇಳಬೇಕಾಗಿರಲಿಲ್ಲ. ಬೀಳ್ಕೊಡಲು ಬಂದಿದ್ದ ಹೆಂಗಸರ ಮಕ್ಕಳೆಲ್ಲ ಅವರ ಸೀರೆ ಹಿಡಿದು ಜೋತಾಡುತ್ತಿದ್ದವು. ಮೊಮ್ಮಗ ಹೇಗಿದ್ದಾನೆ, ತೊಡೆ ಮೇಲೆ ಹೇಗೆ ಕೂಡುತ್ತಾನೆ, ಬಂದು ಎಲ್ಲಾ ಹೇಳತೀನಿ ಎಂದು ಅವರಿಗೆಲ್ಲ ಮಾತು ಕೊಟ್ಟು ಗಂಗಾಬಾಯಿ ಹೊರಟರು.

ಆಕಾಶದಲ್ಲಿ

ವಿಮಾನದಲ್ಲಿ ನಮಗಿಂತ ಮುಂದಿನ ಸಾಲೊಂದರಲ್ಲಿ ಒಂದು ಕೂಸು ಚೀರುತ್ತಿತ್ತು. ಸುತ್ತಲಿನವರು ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂತಿದ್ದರು. ಗಂಗಾಬಾಯಿ ಸ್ವಲ್ಪ ಹೊತ್ತು ತಡೆದರು. ಆಮೇಲೆ ಸೊಂಟದ ಪಟ್ಟಿ ಬಿಚ್ಚಿಕೊಂಡು ಎದ್ದು, ಆ ಅಪರಿಚಿತ ತಾಯಿಯ ಎದುರು ನಿಂತು ಎರಡೂ ಕೈ ಚಾಚಿದರು. ಆಕೆ ದಣಿದಿದ್ದಳೋ ಹೆದರಿದ್ದಳೋ, ಕೂಸನ್ನು ಕೊಟ್ಟುಬಿಟ್ಟಳು. ಕೂಸು ಸುಮ್ಮನಾಯಿತು. ಹೇಳುವಾಗಲೆಲ್ಲ ನಾನು “ಎತ್ತಿಕೊಂಡ ಕೂಡಲೇ” ಎನ್ನುತ್ತೇನೆ. ಇದು ತೇಪೆ ಇರಬಹುದು. ಸುಮ್ಮನಾದದ್ದು ಮಾತ್ರ ಖರೆ. ಗಗನಸಖಿ ಬಂದು ಕುಳಿತುಕೊಳ್ಳಿ ಅಂದಾಗ ಗಂಗಾಬಾಯಿ ಅವಳಿಗೂ ಬಾಯಿಗೆ ಬೆರಳಿಟ್ಟು ಸುಮ್ಮನಿರೆಂದರು.

ಲಂಡನ್ನಿನಲ್ಲಿ ಇಳಿದಾಗ ಕಸ್ಟಮ್ಸಿನವನೊಬ್ಬ ನಮ್ಮ ಚೀಲ ತೆಗೆಸಿದ. ಬಾಣಂತಿಯ ಅಂಟಿನುಂಡಿಯನ್ನು ಬೆಳಕಿಗೆ ಹಿಡಿದು ನೋಡಿದ. ಬಾಣಂತನ ಮುಗಿದು ತಿಂಗಳುಗಳಾಗಿದ್ದರೂ ಬೀಗತಿ ಉಂಡಿ ಬಿಟ್ಟುಬರಲು ಒಪ್ಪಿರಲಿಲ್ಲ. ಆಮೇಲೆ ಅವನು ಔಡಲೆಣ್ಣೆಯ, ಅಂದರೆ ಹರಳೆಣ್ಣೆಯ, ಬಾಟಲಿ ತೆಗೆದು ಏನಿದು ಎಂದ. ಗಂಗಾಬಾಯಿ ತಮ್ಮ ನೆತ್ತಿ ತಟ್ಟಿ ತೋರಿಸಿದರು. ಅವನು ಮುಚ್ಚಳ ತೆಗೆದು ಮೂಸಿ, ತೆಗೆದದ್ದಕ್ಕಿಂತ ಬೇಗ ಮುಚ್ಚಿ, ಹೋಗಿ ಎಂದು ಕೈಮಾಡಿದ.

ಮೂರನೇ ಮಹಡಿ

ಸುನೀತಾಳ ಮನೆ ಮೂರನೇ ಮಹಡಿಯಲ್ಲಿ. ಬಾಗಿಲು ತೆರೆದಾಗ ಓಂಕಾರ ಅವಳ ಹೆಗಲ ಮೇಲಿದ್ದ. ಗಂಗಾಬಾಯಿ ಚೀಲಗಳನ್ನು ಅಲ್ಲೇ ಬಿಟ್ಟು, ದೊಡ್ಡ ಕುಂಕುಮ, ದೊಡ್ಡ ನತ್ತು, ಅದಕ್ಕಿಂತ ದೊಡ್ಡ ದನಿಯೊಂದಿಗೆ, “ನನ ಬಾಳಾ, ನನ ರಾಜಾ” ಎನ್ನುತ್ತ ಮುನ್ನುಗ್ಗಿದರು. ಓಂಕಾರ ಅವರನ್ನು ನೋಡಿದ. ಕೆಳತುಟಿ ನಿಧಾನಕ್ಕೆ ಹೊರಬಂತು. ಆಮೇಲೆ ಕೆಳಗಿನ ಮಹಡಿಯವರಿಗೂ ಕೇಳಿಸುವಂತೆ ಅತ್ತ.

ಮೊದಲ ದಿನ ಗಂಗಾಬಾಯಿ ನಕ್ಕರು. ಹೊಸ ಮುಖ, ಇರಲಿ ಅಂದರು. ಎರಡನೇ ದಿನವೂ ನಕ್ಕರು. ಆಮೇಲೆ ನಗು ನಿಂತಿತು. ಅವರು ಕೋಣೆಗೆ ಬಂದರೆ ಸಾಕು, ಕೂಸು ತಾಯಿಯ ಕುತ್ತಿಗೆ ಹಿಡಿದುಕೊಳ್ಳುತ್ತಿತ್ತು. ಚಮಚ ಬಾರಿಸಿದರು, ಚಪ್ಪಾಳೆ ತಟ್ಟಿದರು, ಸೆರಗಿನಲ್ಲಿ ಮುಖ ಮರೆಸಿ ತೆರೆದರು, ಕನ್ನಡ ಮರಾಠಿ ಎರಡರಲ್ಲೂ ಹಾಡಿದರು. ಅಂಗನವಾಡಿಯ ವಿದ್ಯೆಯೆಲ್ಲ ಮುಗಿಯಿತು. ನನ್ನ ತೊಡೆಯ ಮೇಲೆ ಮಾತ್ರ ಅವನು ಆರಾಮಾಗಿ ಕೂಡುತ್ತಿದ್ದ. ಇದರಲ್ಲಿ ನನ್ನ ಕೈಗುಣವೇನೂ ಇಲ್ಲ, ನಾನು ಪೇಪರು ಓದುತ್ತ ಅವನನ್ನು ಗಮನಿಸುತ್ತಲೇ ಇರಲಿಲ್ಲ. ಗಂಗಾಬಾಯಿ ನನ್ನನ್ನು ಅಡುಗೆಮನೆಯ ಬಾಗಿಲಿನಿಂದ ನೋಡುತ್ತಿದ್ದ ನೋಟವನ್ನು ನಾನು ಮರೆತಿಲ್ಲ, ಮರೆಯಲು ಪ್ರಯತ್ನಿಸಿದ್ದೇನೆ.

ಸುನೀತಾ ಸಮಾಧಾನ ಹೇಳಿದಳು. ಈ ವಯಸ್ಸಿನಲ್ಲಿ ಕೂಸುಗಳಿಗೆ ಗೊತ್ತಿರುವ ಮುಖ ಯಾವುದು, ಹೊರಗಿನವರ ಮುಖ ಯಾವುದು ಎಂದು ತಿಳಿಯಲು ಶುರುವಾಗುತ್ತದೆ, ಅಳುವುದು ಬುದ್ಧಿ ಬೆಳೆಯುತ್ತಿರುವ ಲಕ್ಷಣ ಎಂದಳು.

“ಹಂಗಾರ ನಾ ಹೊರಗಿನಾಕಿ ಏನವಾ?” ಎಂದು ಗಂಗಾಬಾಯಿ ಕೇಳಿದರು.

ಸುನೀತಾ ಬಹಳ ಹೊತ್ತು ಒಂದೇ ಪಾತ್ರೆ ತೊಳೆದಳು. ನಾವು ವಾಪಸಾಗುವ ದಿನ ಹತ್ತಿರ ಬರುತ್ತಿತ್ತು. ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು, ಯಾರೂ ಆಡದೆ ಇದ್ದದ್ದು ಒಂದೇ: ಈಕೆ ಮೊಮ್ಮಗನನ್ನು ಒಮ್ಮೆಯೂ ಎತ್ತಿಕೊಳ್ಳದೆ ಖಾನಾಪುರಕ್ಕೆ ಹೋಗುವುದಾಗುತ್ತದೆಯೇ?

ಹೆಸರಿರುವ ಬೆಂಚು

ಮನೆಯಲ್ಲಿ ಕೂಸು ಮಲಗಲಿ ಎಂದು ನಾವಿಬ್ಬರು ಹೊರಗೆ ತಿರುಗುತ್ತಿದ್ದೆವು. ಲಂಡನ್ನಿನ ದೊಡ್ಡ ಗಡಿಯಾರ, ಸೇತುವೆ, ಅರಮನೆ ಎಲ್ಲಾ ನೋಡಿದೆವೆಂದು ಸುನೀತಾ ಹೇಳುತ್ತಾಳೆ. ನನ್ನ ತಲೆಯಲ್ಲಿ ಉಳಿದಿರುವುದು ಬೆಂಚುಗಳು. ಅಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಉದ್ಯಾನದಲ್ಲಿ ಒಂದು ಬೆಂಚು ಹಾಕಿಸಿ ಅದರ ಬೆನ್ನಿಗೆ ಹೆಸರು ಕೆತ್ತಿಸುತ್ತಾರೆ. ನಾನು ಒಂದರ ಮೇಲೆ ಕೂತು, ಇವರಿಗೆ ಈ ಜಾಗ ಬಹಳ ಇಷ್ಟವಿತ್ತಂತೆ ಎಂದು ಓದಿ ಹೇಳಿದೆ. ಗಂಗಾಬಾಯಿ ತಟ್ಟನೆ ಎದ್ದರು. ಸತ್ತವರ ಹೆಸರಿನ ಮೇಲೆ ಕುಂಡಿ ಊರುವುದು ಯಾವ ಪದ್ಧತಿ ಎಂದರು. ಆಮೇಲೆ ಹೆಸರಿಲ್ಲದ ಬೆಂಚು ಹುಡುಕುತ್ತ ಉದ್ಯಾನವೆಲ್ಲ ನಡೆದೆವು. ಸಿಗಲಿಲ್ಲ. ಹುಲ್ಲಿನ ಮೇಲೆ ಕೂತೆವು.

ಅಲ್ಲಿನ ಜನ ಕಾಲು ತುಳಿಸಿಕೊಂಡವರೇ ಕ್ಷಮೆ ಕೇಳುತ್ತಾರೆ. ನಾಯಿಯ ಜೊತೆ ಮಾತಾಡುತ್ತಾರೆ, ನಾಯಿಯ ಯಜಮಾನನ ಜೊತೆ ಇಲ್ಲ. ಕೂಸುಗಳನ್ನು ಗಾಡಿಯಲ್ಲಿ ಕೂರಿಸಿ, ಮುಖ ರಸ್ತೆಯ ಕಡೆ ಮಾಡಿ ತಳ್ಳುತ್ತಾರೆ. ನಮ್ಮ ಬೆಳಗಾವಿಯ ಖಾಸಬಾಗದ ಸಂತೆಯಲ್ಲಿ ಬಗಲಲ್ಲಿರುವ ಕೂಸನ್ನು ಕೊತ್ತಂಬರಿ ಮಾರುವಾಕೆ, ಬಳೆಯವಳು, ಹಿಂದೆ ನಿಂತವರು, ಒಬ್ಬರಲ್ಲ ಒಬ್ಬರು ಗಲ್ಲ ಹಿಂಡುತ್ತಾರೆ. ಲಂಡನ್ನಿನಲ್ಲಿ ಬೇರೆಯವರ ಕೂಸನ್ನು ಮುಟ್ಟುವಂತಿಲ್ಲ. ಇದನ್ನು ಸುನೀತಾ ಗಂಗಾಬಾಯಿಗೆ ತಿಳಿಸಿ ಹೇಳಿದ್ದಳು. ಆದರೂ ಬಸ್ಸಿನಲ್ಲಿ ಗಾಡಿಯೊಳಗಿನ ಒಂದು ಬಿಳಿ ಕೂಸು ಇವರ ನತ್ತು ನೋಡಿ ಬೊಚ್ಚುಬಾಯಿ ತೆರೆದು ನಕ್ಕಾಗ ಅವರಿಗೆ ತಡೆಯಲಾಗಲಿಲ್ಲ. ಅದರ ಮುಖ ನೀವಿ, ಬೆರಳುಗಳನ್ನು ತಮ್ಮ ಕಪಾಳಕ್ಕೊತ್ತಿ ಲಟಿಕೆ ಮುರಿದರು. ಆ ಸದ್ದಿಗೆ ತಾಯಿ ಬೆಚ್ಚಿದಳು. ಕೂಸು ಇನ್ನೂ ಜೋರಾಗಿ ನಕ್ಕಿತು.

“ನೋಡ್ರಿ,” ಎಂದರು ಗಂಗಾಬಾಯಿ. “ಪರದೇಶದ್ದು ನಗತೈತಿ. ನಮ್ಮದ ನಗೂದಿಲ್ಲ.”

ಔಡಲೆಣ್ಣೆ

ಕೂಸುಗಳ ತೂಕ ನೋಡುವ ದವಾಖಾನೆಯಲ್ಲಿ ಸುನೀತಾ ಒಂದು ಚೀಟಿ ನೋಡಿದ್ದಳು. ವಿಶ್ವವಿದ್ಯಾಲಯವೊಂದರಲ್ಲಿ, ಕೂಸುಗಳು ಲೋಕವನ್ನು ಹೇಗೆ ನೋಡುತ್ತವೆ ಎಂದು ತಿಳಿಯಲು ಪ್ರಯೋಗ ನಡೆಯುತ್ತಿದೆ, ನಿಮ್ಮ ಕೂಸನ್ನು ಕರೆತನ್ನಿ ಎಂದು. ಹೆರಿಗೆ ರಜೆಯಲ್ಲಿ ಮನೆಯಲ್ಲಿ ಕೂತು ಬೇಸತ್ತಿದ್ದ ಸುನೀತಾ ಹೆಸರು ಕೊಟ್ಟುಬಂದಳು. ತಲೆಗೆ ತಂತಿ ಹಚ್ಚುತ್ತಾರೆಂದು ಕೇಳಿ ಗಂಗಾಬಾಯಿ ಊಟ ಬಿಟ್ಟರು. ಕರೆಂಟು ಹಚ್ಚುವುದಿಲ್ಲ, ಒಳಗಿನದನ್ನು ಕೇಳಿಸಿಕೊಳ್ಳುತ್ತಾರೆ ಅಷ್ಟೇ ಎಂದು ಸುನೀತಾ ತಿಳಿಸಿದಳು. ಬಾಜು ಮನೆಯ ಗೋಡೆಗೆ ಕಿವಿ ಹಚ್ಚಿದ ಹಾಗೆ ಎಂದು ನಾನೂ ಸೇರಿಸಿದೆ.

“ಅದೇನು ಛಲೋ ಮಂದಿ ಮಾಡೂ ಕೆಲಸೇನು?” ಎಂದರು ಬೀಗತಿ.

ಕೊನೆಗೆ ತಾವೂ ಬರುವುದಾದರೆ ಮಾತ್ರ ಎಂದು ಒಪ್ಪಿದರು. ಹೋಗುವ ದಿನ ಬೆಳಿಗ್ಗೆ ಓಂಕಾರ ಮಲಗಿದ್ದ, ಮಾರುತಿ ಆಸ್ಪತ್ರೆಯ ಕೆಲಸಕ್ಕೆ ಹೋಗಿದ್ದ, ಸುನೀತಾ ಸ್ನಾನಕ್ಕೆ ಹೋಗಿದ್ದಳು. ಅವನು ಮಲಗಿದಾಗ ಮಾತ್ರ ಗಂಗಾಬಾಯಿ ಅವನ ಬಳಿ ಹೋಗಬಹುದಿತ್ತು. ಅವಳು ಹೊರಬಂದಾಗ ಕೂಸು ತಲೆ, ಬೆನ್ನು ಮುಚ್ಚುವ ಖಣದ ಕುಂಚಿಗೆ ತೊಟ್ಟು, ಗಲ್ಲಕ್ಕೆ ಕರಿ ಬೊಟ್ಟು ಇಟ್ಟುಕೊಂಡು ಸಿದ್ಧವಾಗಿತ್ತು. ಚಂದ ಕಾಣುತ್ತಿತ್ತು. ಕುಂಚಿಗೆಯ ಒಳಗೆ ಏನಿದೆ ಎಂದು ಯಾರೂ ನೋಡಲಿಲ್ಲ.

ಪ್ರಯೋಗಶಾಲೆ ಎಂದರೆ ನಾನು ಬಿಳಿ ಕೋಟು, ಗಾಜಿನ ಕೊಳವೆ ಅಂದುಕೊಂಡಿದ್ದೆ. ಅದು ನಮ್ಮ ಅಂಗನವಾಡಿಯ ಶ್ರೀಮಂತ ತಂಗಿಯಂತಿತ್ತು. ನೆಲದ ತುಂಬ ಆಟಿಕೆ, ಗೋಡೆಯ ಮೇಲೆ ಆನೆ. ಆನಾ ಎಂಬ ಹುಡುಗಿ ಬರಿಗಾಲಲ್ಲಿ ನೆಲದ ಮೇಲೆ ಕೂತು ಓಂಕಾರನ ಜೊತೆ ಆಡಿದಳು, ಆಡುತ್ತಲೇ ನಮಗೆ ತಿಳಿಸಿದಳು. ಕೂಸಿಗೆ ಒಂದು ಆಟದ ರೈಲನ್ನು ಪರದೆಯ ಮೇಲೆ ತೋರಿಸುತ್ತಾರೆ. ರೈಲು ಸುರಂಗದೊಳಗೆ ಹೋಗುತ್ತದೆ. ಒಂದು ಕೈ ಬಂದು ಸುರಂಗವನ್ನು ಎತ್ತುತ್ತದೆ. ಒಮ್ಮೆ ರೈಲು ಅಲ್ಲೇ ಇರುತ್ತದೆ, ಒಮ್ಮೆ ಇರುವುದಿಲ್ಲ. ಕಣ್ಣಿಗೆ ಕಾಣದ ರೈಲನ್ನು ಕೂಸಿನ ಮಿದುಳು ಹಿಡಿದಿಟ್ಟುಕೊಂಡಿರುತ್ತದೆಯೋ, ಇಲ್ಲಾ ಮರೆಯಾದ ಕೂಡಲೇ ಬಿಟ್ಟುಬಿಡುತ್ತದೆಯೋ, ಇದು ಅವರ ಪ್ರಶ್ನೆ. ಕೂಸು ಬಾಯಿಬಿಟ್ಟು ಹೇಳಲಾರದು. ಆದ್ದರಿಂದ ತಲೆಗೆ ಒಂದು ಬಲೆ. ಬಲೆಯ ಗಂಟುಗಂಟಿಗೂ ಉಪ್ಪುನೀರಲ್ಲಿ ಅದ್ದಿದ ಪುಟ್ಟ ಸ್ಪಂಜು. ಮಿದುಳು ಕೆಲಸ ಮಾಡುವಾಗ ಏಳುವ ತೀರಾ ಸಣ್ಣ ವಿದ್ಯುತ್ತು ಆ ಸ್ಪಂಜಿನ ಮೂಲಕ ಕಂಪ್ಯೂಟರಿಗೆ ಬಂದು ಗೆರೆಯಾಗುತ್ತದೆ.

ನಾನು ಇದನ್ನೆಲ್ಲ ಗಂಗಾಬಾಯಿಗೆ ಕನ್ನಡದಲ್ಲಿ ಹೇಳಿದೆ. ಅವರು ಆನಾಳನ್ನೇ ನೋಡುತ್ತ, “ರೈಲಗಾಡಿ ಮರೆ ಆದ್ರ ಹಿಡದಿಟ್ಕೋತೈತಂತ. ಮನಷ್ಯಾ ಮರೆ ಆದ್ರ? ಖಾನಾಪುರದಷ್ಟ ದೂರ ಹೋದ್ರ? ಕೇಳ್ರಿ ಆಕಿನ್ನ,” ಎಂದರು.

ಕೇಳಿದೆ. ಆನಾ ತಕ್ಷಣ ಉತ್ತರ ಕೊಡಲಿಲ್ಲ. ತಾವು ಅಳೆಯುವುದು ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತನ್ನು, ಅದರಾಚೆಯದು ತನಗೆ ಗೊತ್ತಿಲ್ಲ ಎಂದಳು. ಗೊತ್ತಿಲ್ಲ ಎಂದು ಹೇಳಲು ಅವಳು ತೆಗೆದುಕೊಂಡ ಹೊತ್ತು ನನಗೆ ಹಿಡಿಸಿತು.

ಆಮೇಲೆ ಕುಂಚಿಗೆ ಬಿಚ್ಚಿದಳು. ಓಂಕಾರನ ತಲೆ ದೀಪದ ಹಾಗೆ ಹೊಳೆಯಿತು. ನೆತ್ತಿಯಿಂದ ಕಿವಿಯವರೆಗೆ ಔಡಲೆಣ್ಣೆ. ಆದರೂ ಬಲೆ ತೊಡಿಸಿ ನೋಡಿದಳು. ಕಂಪ್ಯೂಟರಿನ ಗೆರೆಗಳು ಕೆಲವು ಕುಣಿದವು, ಕೆಲವು ಸತ್ತಂತೆ ಮಲಗಿದವು. ಎಣ್ಣೆಯಾಚೆಯಿಂದ ಸ್ಪಂಜಿಗೆ ಏನೂ ಕೇಳಿಸುತ್ತಿರಲಿಲ್ಲ. ಸುನೀತಾ ಅತ್ತೆಯ ಕಡೆ ತಿರುಗಿದಳು. ಕೂಸನ್ನು ಹೊರಗೆ ಒಯ್ಯುವಾಗ ನೆತ್ತಿ ಬರಿದಾಗಿ ಇರಬಾರದು ಎಂದು ಗಂಗಾಬಾಯಿ ಗೋಡೆಯ ಆನೆಗೆ ಹೇಳಿದರು.

ಕೂಸುಗಳ ಶಾಂಪೂ ಹಾಕಿ ತೊಳೆದರು. ಔಡಲೆಣ್ಣೆ ಒಂದು ತೊಳೆತಕ್ಕೆ ಹೋಗುವಂಥದ್ದಲ್ಲ. ಮತ್ತೆ ತೊಳೆದರು, ಮತ್ತೊಮ್ಮೆ. ಓಂಕಾರ ಅತ್ತು ಕೆಂಪಾದ. ಇನ್ನೊಂದು ದಿನ ಬಂದರೂ ಆಗುತ್ತದೆ ಎಂದು ಆನಾ ಮೆತ್ತಗೆ ಹೇಳಿದಳು. ಸುನೀತಾ ಕೆಲಸಕ್ಕೆ ಮರಳುವುದಿತ್ತು, ಇನ್ನೊಂದು ದಿನ ಇರಲಿಲ್ಲ. ಗಂಗಾಬಾಯಿ ಮೂಲೆಯ ಕುರ್ಚಿಯಲ್ಲಿ ಕುಂಚಿಗೆಯನ್ನು ಮಡಿಚಿ, ಬಿಚ್ಚಿ, ಮತ್ತೆ ಮಡಿಚುತ್ತಿದ್ದರು.

“ಬಂದಾಗಿಂದ ಆ ಕೂಸಿಗೆ ನಾ ಮಾಡಿದ್ದು ಇದೊಂದ ನೋಡ್ರಿ,” ಎಂದರು ನನಗೆ. “ಅದನ್ನೂ ತೊಳದ್ರು.”

ಕತ್ತಲ ಕೋಣೆ

ಕೊನೆಗೂ ಗೆರೆಗಳು ನೆಟ್ಟಗಾದವು. ಆದರೆ ಇನ್ನೊಂದು ಫಜೀತಿ. ಕೂಸು ಯಾರದಾದರೂ ತೊಡೆಯ ಮೇಲೆ ಕೂತು ಪರದೆ ನೋಡಬೇಕು. ಸುನೀತಾಳ ತೊಡೆಯ ಮೇಲೆ ಕೂತ ಓಂಕಾರನಿಗೆ ಹಾಲಿನ ವಾಸನೆ ಸಿಕ್ಕಿತು. ರೈಲು ಬಿಟ್ಟು ಅವಳೆದೆಗೆ ತಿರುಗಿದ. ಮತ್ತೆ ಕೂರಿಸಿದರೆ ಮತ್ತೆ ತಿರುಗಿದ. ನನ್ನನ್ನು ಕೂರಿಸೋಣವೆಂದರೆ ಅಲ್ಲಿನ ಹವಾಮಾನಕ್ಕೆ ನನಗೆ ಎಡೆಬಿಡದ ಕೆಮ್ಮು. ಆನಾ ಮೂಲೆಯ ಕುರ್ಚಿಯತ್ತ ನೋಡಿದಳು.

ಸುನೀತಾ ಬೇಡವೆನ್ನಲು ಬಾಯಿ ತೆರೆದದ್ದನ್ನು ನಾನು ಕಂಡೆ. ಅವಳು ಅದನ್ನು ಇಂದಿಗೂ ಒಪ್ಪುವುದಿಲ್ಲ.

ಆನಾ ಹೇಳಿದ ನಿಯಮಗಳನ್ನು ನಾನು ಬೀಗತಿಗೆ ದಾಟಿಸಿದೆ. ಮಾತಾಡುವಂತಿಲ್ಲ. ಅಲುಗಾಡುವಂತಿಲ್ಲ. ತೊಡೆ ಕುಣಿಸುವಂತಿಲ್ಲ. ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡಿರಬೇಕು, ಏಕೆಂದರೆ ದೊಡ್ಡವರು ಪರದೆ ನೋಡಿದರೆ ತಿಳಿಯದಂತೆಯೇ ಕೂಸಿಗೆ ಏನಾದರೂ ಸುಳಿವು ಕೊಟ್ಟುಬಿಡುತ್ತಾರೆ. ಕೂಸು ತಿರುಗಿ ನೋಡಿದರೂ ಕಣ್ಣು ತೆರೆಯಬಾರದು. ಮತ್ತೆ ಬಳೆ. ಹಸಿರು ಗಾಜಿನ ಬಳೆಗಳ ಸದ್ದು ಕೂಸಿಗೆ ಕೇಳುತ್ತದೆ, ತೆಗೆಯಬಹುದೇ ಎಂದು ಆನಾ ಕೇಳಿದಳು. ಗಂಡ ಖಾನಾಪುರದಲ್ಲಿ ಗಟ್ಟಿಮುಟ್ಟಾಗಿರುವಾಗ ಬಳೆ ತೆಗೆಯುವ ಮಾತೇ ಇಲ್ಲ ಎಂದು ನಾನೇ ಉತ್ತರಿಸಿದೆ. ಆನಾ ಕಾರಣ ಕೇಳಲಿಲ್ಲ. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಿಂದ ಬ್ಯಾಂಡೇಜು ತಂದು ಎರಡೂ ಕೈಗೆ ಮೊಣಕೈವರೆಗೆ ಸುತ್ತಿದಳು. ಗಂಗಾಬಾಯಿ ಅಪಘಾತದಿಂದ ಎದ್ದು ಬಂದವರಂತೆ ಒಳಗೆ ಹೋದರು.

ಕೋಣೆ ಕತ್ತಲೆ, ಪರದೆಯಷ್ಟೇ ಬೆಳಕು. ಸುನೀತಾ ಹಿಂದಿನಿಂದ ಬಂದು ಕೂಸನ್ನು ಪರದೆಗೆ ಮುಖ ಮಾಡಿ ಅತ್ತೆಯ ತೊಡೆಗೆ ಇಳಿಸಿ, ಸದ್ದಿಲ್ಲದೆ ಹೊರಬಂದಳು. ನಾವು ಬಾಜು ಕೋಣೆಯಲ್ಲಿ ಪುಟ್ಟ ಟಿವಿಯ ಮುಂದೆ ನಿಂತೆವು. ಅದರಲ್ಲಿ ಇಬ್ಬರೂ ಬೂದುಬಣ್ಣದಲ್ಲಿ ಕಾಣುತ್ತಿದ್ದರು. ಬಲೆ ತೊಟ್ಟ ಕೂಸು, ಅದರ ಹಿಂದೆ ತಲೆ ತಗ್ಗಿಸಿದ ಅಜ್ಜಿ. ಸುನೀತಾ ನನ್ನ ತೋಳು ಹಿಡಿದಿದ್ದಳು.

ಓಂಕಾರ ಅಳಲಿಲ್ಲ. ಅವನಿಗೆ ರೈಲು ಕಾಣುತ್ತಿತ್ತು, ಅಜ್ಜಿ ಕಾಣುತ್ತಿರಲಿಲ್ಲ. ನತ್ತಿಲ್ಲ, ಕುಂಕುಮವಿಲ್ಲ, “ನನ ರಾಜಾ” ಎನ್ನುವ ದನಿಯಿಲ್ಲ. ಬೆನ್ನಿಗೆ ಬೆಚ್ಚಗಿನದೇನೋ ಒಂದು ಇದೆ, ಅಷ್ಟೇ. ರೈಲು ಹೋಯಿತು, ಸುರಂಗ ಎದ್ದಿತು, ರೈಲು ಇತ್ತು. ಮತ್ತೆ ಹೋಯಿತು, ಎದ್ದಿತು, ಇರಲಿಲ್ಲ. ನನ್ನ ನೆನಪಿನಲ್ಲಿ ರೈಲು ಕೆಂಪು. ಸುನೀತಾ ನೀಲಿ ಎನ್ನುತ್ತಾಳೆ. ಇಬ್ಬರೂ ಬೂದುಬಣ್ಣದ ಟಿವಿ ನೋಡುತ್ತಿದ್ದೆವು ಎಂಬುದು ನಮಗೆ ಹೊಳೆದದ್ದು ಬಹಳ ತಡವಾಗಿ.

ರೈಲು ಇಲ್ಲದಾಗ ಗೆರೆಗಳು ಬೇರೆ ಥರ ಏಳುತ್ತವೆಯೇ ಎಂದು ಆನಾಳನ್ನು ಕೇಳಿದೆ. ಒಂದು ಕೂಸಿನಿಂದ ಏನೂ ತಿಳಿಯುವುದಿಲ್ಲ, ಬಹಳ ಕೂಸುಗಳನ್ನು ಒಟ್ಟು ಮಾಡಿ ನೋಡಬೇಕು ಎಂದಳು. ಕಾಣದ್ದನ್ನು ಹಿಡಿದಿಟ್ಟುಕೊಳ್ಳಲು ಮಿದುಳು ಹೆಚ್ಚು ದುಡಿಯುತ್ತದೆ ಎಂಬುದು ತಮ್ಮ ಊಹೆ ಎಂದಳು. ಊಹೆ ಎಂಬ ಮಾತನ್ನು ಎರಡು ಸಲ ಹೇಳಿದಳು.

ಆಗ ಅದು ಆಯಿತು. ಸುರಂಗ ಎದ್ದಾಗ ರೈಲು ಇರಲಿಲ್ಲ. ಓಂಕಾರ ಸ್ವಲ್ಪ ಹೊತ್ತು ಖಾಲಿ ಜಾಗ ನೋಡಿದ. ಆಮೇಲೆ, ಇದಕ್ಕೆ ನೀವೇನಾದರೂ ಮಾಡುತ್ತೀರಾ ಎಂದು ಕೇಳುವವನಂತೆ, ಕತ್ತು ಹಿಂದಕ್ಕೆ ಹೊರಳಿಸಿ ಮೇಲೆ ನೋಡಿದ. ಅಲ್ಲಿದ್ದದ್ದು ಗಂಗಾಬಾಯಿಯ ಮುಖ. ನಾನು ಅವನ ಕೆಳತುಟಿಯನ್ನೇ ನೋಡಿದೆ. ತುಟಿ ಹೊರಬರಲಿಲ್ಲ. ಅವನು ನೋಡುತ್ತಲೇ ಇದ್ದ. ಗಂಗಾಬಾಯಿ, ಹೇಳಿದ ನಿಯಮದಂತೆ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂತಿದ್ದರು. ಅವರಿಗೆ ಏನೂ ಗೊತ್ತಾಗಲಿಲ್ಲ.

ಆನಾ ಗುಂಡಿಯೊಂದನ್ನು ಒತ್ತಿ ಗುರುತು ಹಾಕಿದಳು. ಕೂಸು ಪರದೆ ನೋಡದಿದ್ದ ಹೊತ್ತು ಲೆಕ್ಕಕ್ಕಿಲ್ಲ, ಆ ತುಣುಕನ್ನು ತೆಗೆದುಹಾಕುತ್ತೇವೆ ಎಂದಳು.

ಮನೆ ಕಡೆಯ ಬಸ್ಸು

ದೀಪ ಹಾಕಿದ ಕೂಡಲೇ ಓಂಕಾರ ಅಜ್ಜಿಯನ್ನು ಕಂಡು ಅತ್ತ. ಬಲೆ ತೆಗೆದರು, ಬ್ಯಾಂಡೇಜು ಬಿಚ್ಚಿದರು. ಆನಾ ಕೂಸಿಗೆ ಒಂದು ಅಂಗಿ ಉಡುಗೊರೆ ಕೊಟ್ಟಳು. ಗಂಗಾಬಾಯಿ ಅವಳ ಮುಖ ನೀವಿ ಲಟಿಕೆ ಮುರಿದರು. ಅವಳು ಬೆಚ್ಚಲಿಲ್ಲ.

ಬಸ್ಸಿನಲ್ಲಿ ನಾವು ಮೇಲಿನ ಅಂತಸ್ತಿನಲ್ಲಿ ಮುಂದಿನ ಸೀಟುಗಳಲ್ಲಿ ಕೂತೆವು. ಕೂಸಿನ ಗಾಡಿಯಿದ್ದರೆ ಮೇಲೆ ಹೋಗಲಾಗುವುದಿಲ್ಲ, ಆದ್ದರಿಂದ ಕೆಳಗೇ ಇದ್ದೆವು ಎಂದು ಸುನೀತಾಳ ವಾದ. ಇರಲಿ, ಎದುರಿಗೆ ದೊಡ್ಡ ಗಾಜು ಇತ್ತು. ನಾನು ಕಂಡದ್ದನ್ನು ಬೀಗತಿಗೆ ಹೇಳಿದೆ: ಅವನು ತಿರುಗಿ ನಿಮ್ಮನ್ನೇ ನೋಡಿದ, ಬಹಳ ಹೊತ್ತು ನೋಡಿದ, ಅಳಲಿಲ್ಲ.

“ಸುಳ್ಳ ಹೇಳಬ್ಯಾಡ್ರಿ ಬೀಗರ. ನನ್ನ ಸಮಾಧಾನಕ್ಕ ಹೇಳತೀರಿ.”

“ಖರೇ ಅತ್ತಿ,” ಎಂದಳು ಸುನೀತಾ. “ನಾನೂ ನೋಡೀನಿ.”

ಗಂಗಾಬಾಯಿ ಸೊಸೆಯ ಮುಖವನ್ನು ನೋಡಿದರು. ಆಮೇಲೆ ತೊಡೆ ತಟ್ಟಿ ಸೀರೆ ಸರಿಮಾಡಿಕೊಂಡು, ತಲೆ ತಗ್ಗಿಸಿ, ಕೈ ಮುಂದೆ ಮಾಡಿದರು. ಸುನೀತಾ ಕೂಸನ್ನು ಗಾಜಿನ ಕಡೆ ಮುಖ ಮಾಡಿ ಆ ಕೈಗಳಿಗೆ ಇಳಿಸಿದಳು. ಗಂಗಾಬಾಯಿ ಒಂದು ಕೈಯಿಂದ ಇನ್ನೊಂದು ಕೈಯ ಬಳೆಗಳನ್ನು ಅಮುಕಿ ಹಿಡಿದುಕೊಂಡರು. ಮುಂಬೈಯಿಂದ ಲಂಡನ್ನಿನವರೆಗೆ ನಿಲ್ಲದ ಬಾಯಿ ನಿಂತಿತ್ತು. ಅಂಗಡಿಗಳು, ಸೈಕಲ್ಲುಗಳು, ಕೆಂಪು ಬಸ್ಸುಗಳು ಎದುರಿಗೆ ಬಂದು ಬಂದು ಹೋದವು. ಓಂಕಾರ ಎಲ್ಲವನ್ನೂ ಬಾಯಿ ತೆರೆದು ನೋಡಿದ.

ನಮ್ಮ ನಿಲ್ದಾಣಕ್ಕೆ ಇನ್ನೂ ಸ್ವಲ್ಪ ದೂರವಿದ್ದಾಗ ಅವನಿಗೆ ರಸ್ತೆ ಸಾಕಾಯಿತು. ಹೊರಳಿ, ಅಜ್ಜಿಯ ಸೆರಗು ಹಿಡಿದು, ಅವರ ಮುಖದ ಕಡೆ ತಲೆ ಎತ್ತಿದ. ಮೊದಲು ನತ್ತು ಮುಟ್ಟಿದ. ಆಮೇಲೆ ಮೂಗು. ಇಡೀ ಅಂಗೈಯನ್ನು ತುಟಿಯ ಮೇಲೆ ಇಟ್ಟ. ಗಂಗಾಬಾಯಿ ಅಲುಗಲಿಲ್ಲ, ಕಣ್ಣು ಮುಚ್ಚಿಕೊಂಡೇ ಇದ್ದರು.

“ಈಗ ಯಾರೂ ಅಳತಿ ಮಾಡಾಕತ್ತಿಲ್ಲ,” ಎಂದೆ ಮೆಲ್ಲಗೆ. “ಕಣ್ಣ ತಗೀರಿ. ನಿಮ್ಮನ್ನ ನೋಡಾಕತ್ಯಾನ.”

“ಸುಮ್ನ ಕುಂದರ್ರಿ ಬೀಗರ,” ಎಂದರು ಅವರು, ಆ ಪುಟ್ಟ ಅಂಗೈಯ ಕೆಳಗಿನಿಂದ, ತುಟಿ ಅಲುಗಿದ್ದೂ ಕಾಣದಂತೆ. “ನಾ ನೋಡೂದು ಇರ್ಲಿ. ಅಂವಾ ಪೂರಾ ನೋಡ್ಲಿ.”

ನಮ್ಮ ನಿಲ್ದಾಣ ಬಂತು. ಸುನೀತಾ ಬಸ್ಸು ನಿಲ್ಲಿಸುವ ಗಂಟೆ ಒತ್ತಲಿಲ್ಲ.